ಮತ್ತೊಮ್ಮೆ ಅದೇ ಕೇಸು: ‘22 ಜಂಪ್ ಸ್ಟ್ರೀಟ್’ ಬ್ಲೂ-ರೇ ಡಿಸ್ಕ್

ಇಬ್ಬರು ಪೊಲೀಸರನ್ನು ಜೋಡಿ ಮಾಡಿ ನಗಿಸುವ ಚಿತ್ರಗಳಿಗೆ ಎರಡನೆಯ ಭಾಗ ಬಂದಾಗ ಸಾಮಾನ್ಯವಾಗಿ ಆಗುವುದು ಒಂದೇ. ಅದೇ ಇಬ್ಬರ ಜಗಳ, ಅದೇ ಮೇಲಧಿಕಾರಿಯ ಬೈಗುಳ, ಅದೇ ಕಾರುಗಳ ಚೇಸಿಂಗ್ ಇನ್ನೊಂದು ಸುತ್ತು ಬರುತ್ತವೆ. ಇದು ಇನ್ನೊಂದು ಸುತ್ತು ಎಂಬುದು ಮಾತ್ರ ತೆರೆಯ ಮೇಲಿನ ಯಾರಿಗೂ ಗೊತ್ತೇ ಇಲ್ಲವೆನ್ನುವಂತೆ ಕಥೆ ಸಾಗುತ್ತದೆ. 2014ರ ಜೂನ್ ತಿಂಗಳಲ್ಲಿ ಬಿಡುಗಡೆಯಾದ ‘22 ಜಂಪ್ ಸ್ಟ್ರೀಟ್’ ಹಾಗಲ್ಲ. ಅದರಲ್ಲಿರುವವರಿಗೆಲ್ಲ ತಾವು ಎರಡನೆಯ ಭಾಗದೊಳಗೆ ಸಿಕ್ಕಿಕೊಂಡಿದ್ದೇವೆ ಎಂಬ ಅರಿವಿದೆ, ಮತ್ತು ಚಿತ್ರದ ಹಾಸ್ಯವೆಲ್ಲ ಆ ಅರಿವಿನಿಂದಲೇ ಹುಟ್ಟುತ್ತದೆ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಎರಡು ವಾರಗಳೊಳಗೆ ಮೂರು ಸಲ ಈ ಡಿಸ್ಕನ್ನು ಹಾಕಿ ನೋಡಿದ್ದೇನೆ: ಒಮ್ಮೆ ಒಬ್ಬನೇ, ಒಮ್ಮೆ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಮತ್ತು ಅವನ ಹಾಸ್ಟೆಲಿನ ಐವರು ಗೆಳೆಯರ ಜೊತೆ, ಕೊನೆಗೊಮ್ಮೆ ನಮ್ಮ ಓಣಿಯಲ್ಲೇ ಇರುವ, ಬಹಳ ವರ್ಷ ಕಂಪನಿ ನಾಟಕಗಳಲ್ಲಿ ಹಾಸ್ಯಪಾತ್ರ ಮಾಡಿದ ಹಿರಿಯರೊಬ್ಬರ ಜೊತೆ. ಅವರನ್ನು ನಾವೆಲ್ಲ ಮಾಸ್ತರರೆಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಕಥೆಯ ಒಂದೆರಡು ತಿರುವುಗಳನ್ನು ಹೇಳದೆ ಈ ವಿಮರ್ಶೆ ಬರೆಯಲಾಗುವುದಿಲ್ಲ. ಅವು ಮೊದಲೇ ತಿಳಿಯಬಾರದು ಎನ್ನುವವರು ಚಿತ್ರ ನೋಡಿದ ಮೇಲೆ ಓದಬಹುದು.

ಕೊಳ್ಳುವವರಿಗೆ ಬೇಕಾದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಮೊದಲು ತರಿಸಿದ್ದು ಈ ಚಿತ್ರದ ಡಿವಿಡಿ. ಅದು ಅಮೆರಿಕದ ಮಾರುಕಟ್ಟೆಗೆಂದು ತಯಾರಾದ 1ನೇ ವಲಯದ ಡಿಸ್ಕ್ ಎಂಬುದನ್ನು ಮಾರಿದವರು ಎಲ್ಲಿಯೂ ತಿಳಿಸಿರಲಿಲ್ಲ. ಭಾರತ ಇರುವುದು ಡಿವಿಡಿಯ 5ನೇ ವಲಯದಲ್ಲಿ, ಒಂದು ವಲಯದ ಡಿಸ್ಕ್ ಸಾಮಾನ್ಯವಾಗಿ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ. ನಮ್ಮ ಮನೆಯ ಪ್ಲೇಯರ್ ಆ ಡಿಸ್ಕನ್ನು ಒಳಗೆ ಎಳೆದುಕೊಂಡು, ಒಂದು ಗಳಿಗೆ ತಿರುಗಿಸಿ, ತೆರೆಯ ಮೇಲೆ ಎಚ್ಚರಿಕೆಯ ಸಾಲೊಂದನ್ನು ಮೂಡಿಸಿ ಹೊರಗೆ ತಳ್ಳಿತು. ಹಿಂದಿರುಗಿಸಲು ಹದಿನೈದು ದಿನ ಪತ್ರವ್ಯವಹಾರ ಮಾಡಬೇಕಾಯಿತು. ಎರಡನೆಯದಾಗಿ ತರಿಸಿದ ಬ್ಲೂ-ರೇ ಯಾವ ತೊಂದರೆಯೂ ಇಲ್ಲದೆ ಓಡಿತು. ಆದ್ದರಿಂದ ಹಳೆಯ ಅಥವಾ ಹೊರದೇಶದ ಡಿಸ್ಕ್ ಕೊಳ್ಳುವವರು ಪೆಟ್ಟಿಗೆಯ ಹಿಂಬದಿಯಲ್ಲಿ ಭೂಗೋಳದ ಸಣ್ಣ ಚಿತ್ರದೊಳಗೆ ಅಚ್ಚಾಗಿರುವ ವಲಯದ ಅಂಕಿಯ ಫೋಟೊ ಕೇಳಿ ನೋಡಿಕೊಂಡೇ ಹಣ ಕೊಡುವುದು ಒಳ್ಳೆಯದು. ಕನ್ನಡದ ಅಡಿಬರಹ ಇದರಲ್ಲಿಲ್ಲ. ಇಂಗ್ಲಿಷ್ ಅಡಿಬರಹವನ್ನು ಹಾಕಿಕೊಂಡೇ ನೋಡಬೇಕೆಂದು ನನ್ನ ಸಲಹೆ, ಏಕೆಂದರೆ ಇಬ್ಬರು ನಾಯಕರೂ ಒಬ್ಬರ ಮಾತಿನ ಮೇಲೆ ಒಬ್ಬರು ಮಾತು ಹಾಕುತ್ತಾರೆ, ಎಷ್ಟೋ ನಗೆಮಾತುಗಳು ಆ ಗದ್ದಲದಲ್ಲಿ ಕಿವಿಗೆ ಬೀಳುವುದೇ ಇಲ್ಲ.

ಈ ಸರಣಿಯ ಮೂಲ ‘21 ಜಂಪ್ ಸ್ಟ್ರೀಟ್’ ಎಂಬ ದೂರದರ್ಶನ ಧಾರಾವಾಹಿ. 1987ರಿಂದ 1991ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಅದರಲ್ಲಿ ಎಳೆಯ ಮುಖದ ಪೊಲೀಸರು ವಿದ್ಯಾರ್ಥಿಗಳ ವೇಷದಲ್ಲಿ ಶಾಲೆಗಳನ್ನು ಸೇರಿ ಅಪರಾಧ ಪತ್ತೆ ಮಾಡುತ್ತಿದ್ದರು. ನಟ ಜಾನಿ ಡೆಪ್ ಮನೆಮಾತಾದದ್ದು ಆ ಧಾರಾವಾಹಿಯಿಂದ. ಗಂಭೀರವಾಗಿದ್ದ ಆ ಕಥೆಯನ್ನು ನಿರ್ದೇಶಕರಾದ ಫಿಲ್ ಲಾರ್ಡ್ ಮತ್ತು ಕ್ರಿಸ್ಟೋಫರ್ ಮಿಲ್ಲರ್ 2012ರಲ್ಲಿ ಅದೇ ಹೆಸರಿನ ಹಾಸ್ಯಚಿತ್ರವನ್ನಾಗಿ ಮಾಡಿದರು. ಜೋನಾ ಹಿಲ್ ನಟಿಸಿದ ಶ್ಮಿಟ್ ಓದಿನಲ್ಲಿ ಮುಂದು, ಮೈಕಟ್ಟಿನಲ್ಲಿ ಹಿಂದು. ಚಾನಿಂಗ್ ಟೇಟಮ್ ನಟಿಸಿದ ಜೆಂಕೊ ಇದರ ತಿರುವುಮುರುವು. ಪ್ರೌಢಶಾಲೆಯ ದಿನಗಳಲ್ಲಿ ಒಬ್ಬರನ್ನೊಬ್ಬರು ಸಹಿಸದಿದ್ದವರು ಪೊಲೀಸ್ ತರಬೇತಿಯಲ್ಲಿ ಗೆಳೆಯರಾಗಿ, ಮತ್ತೆ ಪ್ರೌಢಶಾಲೆಯ ಬೆಂಚಿಗೆ ವೇಷ ಹಾಕಿಕೊಂಡು ಹೋಗಬೇಕಾಗುತ್ತದೆ. ಈ ಸಲ ಜನಪ್ರಿಯನಾಗುವವನು ಶ್ಮಿಟ್, ಮೂಲೆಗುಂಪಾಗುವವನು ಜೆಂಕೊ. ಆ ಮೊದಲ ಚಿತ್ರದಲ್ಲೇ ಉಪ ಮುಖ್ಯಾಧಿಕಾರಿ ಹಾರ್ಡಿಯ ಬಾಯಲ್ಲಿ, ಹಳೆಯದನ್ನೇ ಕೆದಕಿ ತೆಗೆದು ಹೊಸದೆಂದು ಕೊಡುತ್ತಾರೆ, ಯಾರಿಗೂ ತಿಳಿಯುವುದಿಲ್ಲವೆಂದುಕೊಂಡಿದ್ದಾರೆ ಎನ್ನುವ ಅರ್ಥದ ಮಾತೊಂದಿತ್ತು. ಪೊಲೀಸ್ ಇಲಾಖೆಯ ಹೆಸರಿನಲ್ಲಿ ಆಡಿದರೂ ಅದು ಧಾರಾವಾಹಿಯೊಂದನ್ನು ಸಿನಿಮಾ ಮಾಡಲು ಹೊರಟವರ ಬಗ್ಗೆಯೇ ಆಡಿದ ಮಾತು.

ಎರಡನೆಯ ಭಾಗದಲ್ಲಿ ಆ ಒಂದು ಮಾತು ಇಡೀ ಚಿತ್ರದ ಬೆನ್ನೆಲುಬಾಗಿದೆ. ಹಾರ್ಡಿ ತನ್ನ ಕಚೇರಿಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೇಳುವುದರ ಸಾರ ಇಷ್ಟು: ಹೋದ ಸಲ ನಿಮ್ಮ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ, ನಿಮ್ಮ ಅದೃಷ್ಟಕ್ಕೆ ಗೆದ್ದಿರಿ, ಈಗ ಇಲಾಖೆ ಹೆಚ್ಚು ಹಣ ಹಾಕಿದೆ, ಖರ್ಚು ಇಮ್ಮಡಿಯಾದರೆ ಲಾಭವೂ ಇಮ್ಮಡಿಯಾಗುತ್ತದೆನ್ನುವ ಹಾಗೆ, ಹೊಸದೇನನ್ನೂ ಮಾಡಲು ಹೋಗಬೇಡಿ, ಹೋದ ಸಲ ಮಾಡಿದ್ದನ್ನೇ ಮತ್ತೆ ಮಾಡಿ, ಎಲ್ಲರೂ ಸಂತೋಷವಾಗಿರುತ್ತಾರೆ. ರಹಸ್ಯ ದಳದ ಕಚೇರಿ 21ನೇ ನಂಬರಿನ ಹಳೆಯ ಚರ್ಚಿನಿಂದ ಎದುರು ಸಾಲಿನ 22ನೇ ನಂಬರಿನ ಚರ್ಚಿಗೆ ಬಂದಿದೆ, ಒಳಗೆ ಕಣ್ಣು ಕೋರೈಸುವ ಸಲಕರಣೆಗಳಿವೆ, ಪಕ್ಕದಲ್ಲಿ 23ನೇ ನಂಬರಿನ ಕಟ್ಟಡದ ಕೆಲಸ ನಡೆಯುತ್ತಿದೆ. ಪ್ರೌಢಶಾಲೆಯ ಬದಲು ಕಾಲೇಜು, ಒಂದು ಮಾದಕ ಗುಳಿಗೆಯ ಬದಲು ಇನ್ನೊಂದು. ಈ ಹೊಸ ಗುಳಿಗೆಯ ಹೆಸರು ವೈಫೈ. ಚೆನ್ನಾಗಿ ದುಡಿ, ಚೆನ್ನಾಗಿ ಆಡು ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಮಾಡಿದ ಹೆಸರಾದ್ದರಿಂದ ಕಾಗುಣಿತ ಬೇರೆ, ಕಿವಿಗೆ ಕೇಳುವುದು ಮಾತ್ರ ನಮ್ಮ ಮನೆಮನೆಯ ವೈಫೈ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಒಂದು ಬಗೆಯ ಕಣ್ಣುಮಿಟುಕು. ‘ನಿಮಗೆ ಗೊತ್ತಿರುವುದು ನಮಗೂ ಗೊತ್ತು’ ಎಂದು ಚಿತ್ರ ಪ್ರೇಕ್ಷಕನಿಗೆ ಸನ್ನೆ ಮಾಡುತ್ತದೆ, ಪ್ರೇಕ್ಷಕ ನಗುತ್ತಾನೆ. ಆದರೆ ಇಂಥ ಸನ್ನೆಗೆ ಆಯುಸ್ಸು ಕಡಿಮೆ. ಹತ್ತು ನಿಮಿಷಕ್ಕೆ ಅದರ ಸಾರ ಇಂಗಿಹೋಗುತ್ತದೆ. 112 ನಿಮಿಷಗಳ ಚಿತ್ರ ಅದೊಂದರ ಮೇಲೆ ನಿಲ್ಲುವುದು ಸಾಧ್ಯವಿಲ್ಲ. ಹಾಗಿದ್ದರೂ ಇದು ಏಕೆ ನಿಂತಿತು ಎಂಬುದು ನನಗೆ ಮೊದಲ ವೀಕ್ಷಣೆಯಲ್ಲಿ ಹೊಳೆದಿರಲಿಲ್ಲ. ಮಾಸ್ತರರ ಜೊತೆ ಕೂತಾಗ ಹೊಳೆಯಿತು.

ದಾವಣಗೆರೆಗೆ ವೃತ್ತಿ ರಂಗಭೂಮಿಯ ದೊಡ್ಡ ಪರಂಪರೆ ಇದೆ. ಚಿಂದೋಡಿ ವೀರಪ್ಪನವರ, ಅವರ ಮಗಳು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಕಾಲಕ್ಕೆ ಕಂಪನಿಗಳು ಕ್ಯಾಂಪ್ ಹಾಕಿದರೆ ಹಾಸ್ಯಪಾತ್ರಗಳ ಸೀನಿಗಾಗಿಯೇ ಟಿಕೆಟ್ ಕೊಳ್ಳುವ ಜನರಿದ್ದಾರೆ. ಮಾಸ್ತರರಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ರಿಮೋಟ್ ಹಿಡಿದು ಅಲ್ಲಲ್ಲಿ ನಿಲ್ಲಿಸಿ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಹಾರ್ಡಿಯ ಭಾಷಣವನ್ನು ಹೇಳಿ ಮುಗಿಸುವ ಮೊದಲೇ ಅವರು ಕೈಯೆತ್ತಿದರು. ‘ತಮ್ಮಾ, ಇದು ನಮ್ ಕಂಪನಿ ಮಾತು. ಗಲ್ಲಾದಾಗಿನ ಮಾತು ತಂದು ಸ್ಟೇಜಿನ ಮ್ಯಾಲೆ ಆಡ್ತಾನ ನೋಡು ಅವ.’ ತಾವು ಹಾಸ್ಯಪಾತ್ರ ಮಾಡುತ್ತಿದ್ದ ಕಾಲದಲ್ಲಿ ಒಂದೇ ನಾಟಕ ಒಂದೇ ಊರಿನಲ್ಲಿ ವಾರಗಟ್ಟಲೆ ನಡೆಯುವಾಗ ಮುಂದಿನ ಸಾಲಿನಲ್ಲಿ ದಿನವೂ ಕಾಣುವ ಮುಖಗಳಿರುತ್ತಿದ್ದವಂತೆ. ‘ನಿನ್ನೆನೂ ಇದೇ ಹೇಳಿದ್ದೆ, ನೀವೂ ಮತ್ತ ಬಂದೀರಿ, ತಪ್ಪು ಯಾರದು?’ ಎಂದು ಅವರು ಸ್ಟೇಜಿನಿಂದಲೇ ಕೇಳಿಬಿಡುತ್ತಿದ್ದರಂತೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ‘ಆ ಮಾತಿಗೆ ನಗು ಒಂದ್ ಸಲ ಸಿಗ್ತದ. ಆಮ್ಯಾಲೆ ಪಾತ್ರದ ಹೊಟ್ಟೆಯೊಳಗ ಏನರ ಇರಬೇಕು’ ಎಂದು ಹೇಳಿ ಮಾಸ್ತರರು ಮತ್ತೆ ಟಿವಿಯ ಕಡೆಗೆ ತಿರುಗಿದರು.

ಪಾತ್ರದ ಹೊಟ್ಟೆಯೊಳಗೆ ಇರುವುದೇನು ಎಂದು ಹುಡುಕಿಕೊಂಡು ನೋಡಿದಾಗ ಈ ಚಿತ್ರದ ಬರವಣಿಗೆಯ ಜಾಣ್ಮೆ ಕಾಣುತ್ತದೆ. ಎರಡನೆಯ ಭಾಗ ತೆಗೆಯುವ ಯಾರಿಗಾದರೂ ಎದುರಾಗುವ ಪ್ರಶ್ನೆ ಒಂದೇ: ಹಳೆಯದನ್ನೇ ಮಾಡಬೇಕೋ, ಹೊಸದಕ್ಕೆ ಕೈ ಹಾಕಬೇಕೋ? ಲಾರ್ಡ್ ಮತ್ತು ಮಿಲ್ಲರ್ ಆ ಪ್ರಶ್ನೆಯನ್ನು ಇಬ್ಬರು ಗೆಳೆಯರ ನಡುವೆ ಇಟ್ಟಿದ್ದಾರೆ. ಶ್ಮಿಟ್‌ಗೆ ಹಳೆಯದೇ ಬೇಕು; ತಾವಿಬ್ಬರೂ ಒಂದೇ ಕೋಣೆಯಲ್ಲಿದ್ದು, ಒಂದೇ ಊಟ ಮಾಡಿ, ಹೋದ ಸಲದಂತೆಯೇ ಕೇಸು ಮುಗಿಸಿದರೆ ಅವನಿಗೆ ತೃಪ್ತಿ. ಜೆಂಕೊಗೆ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಝೂಕ್ ಎಂಬ ಹೊಸ ಗೆಳೆಯ ಸಿಕ್ಕಿದ್ದಾನೆ. ಓದಿನಲ್ಲಿ ಹಿಂದುಳಿದ, ಕಾಲೇಜಿನ ಮುಖವನ್ನೇ ಕಾಣದಿದ್ದ ಅವನಿಗೆ ಜೀವನದಲ್ಲಿ ಮೊದಲ ಬಾರಿಗೆ ತಾನು ಇರಬೇಕಾದ ಜಾಗದಲ್ಲಿದ್ದೇನೆ ಅನ್ನಿಸುತ್ತದೆ. ಇವನು ಮುಂದಕ್ಕೆ ಹೋಗಲು ಹಂಬಲಿಸುತ್ತಾನೆ, ಅವನು ಹಿಂದಿನದನ್ನು ಹಿಡಿದುಕೊಂಡು ಕೂತಿದ್ದಾನೆ. ಹೀಗಾಗಿ ಹಾರ್ಡಿ ಅಥವಾ ರಹಸ್ಯ ದಳದ ಮುಖ್ಯಸ್ಥ ಕ್ಯಾಪ್ಟನ್ ಡಿಕ್ಸನ್ ‘ಹೋದ ಸಲದಂತೆಯೇ ಮಾಡಿ’ ಎಂದಾಗಲೆಲ್ಲ ನಮಗೆ ನಗು ಬರುತ್ತದೆ, ಆ ಮಾತು ಜೆಂಕೊನ ಎದೆಗೆ ತಗಲುತ್ತದೆ. ಚಿತ್ರ ತನ್ನ ಬಗ್ಗೆ ಮಾಡಿಕೊಳ್ಳುವ ಗೇಲಿಯೂ ಸ್ನೇಹದೊಳಗಿನ ನೋವೂ ಒಂದೇ ಮಾತಿನಲ್ಲಿ ಸಿಗುವಂತೆ ಬರೆದಿದ್ದಾರೆ.

ಇದರ ಉತ್ತಮ ಉದಾಹರಣೆ ಬೇರ್ಪಡುವ ದೃಶ್ಯ. ಜೆಂಕೊ ಗೆಳೆಯನ ಮುಂದೆ ನಿಂತು, ನಾವಿಬ್ಬರೂ ಸ್ವಲ್ಪ ಕಾಲ ಬೇರೆ ಬೇರೆಯವರ ಜೊತೆ ತನಿಖೆ ಮಾಡಿ ನೋಡೋಣ ಎನ್ನುತ್ತಾನೆ. ಪ್ರೇಮಿಗಳು ದೂರವಾಗುವಾಗ ಆಡುವ ಮಾತಿನಲ್ಲಿ ಒಂದು ಪದವನ್ನಷ್ಟೇ ಬದಲಿಸಿದ್ದಾರೆ. ಚಾನಿಂಗ್ ಟೇಟಮ್ ಅದನ್ನು ನಗಿಸಬೇಕೆಂದು ಹೇಳುವುದಿಲ್ಲ. ಗಂಟಲು ಕಟ್ಟಿದವನಂತೆ, ನೆಲ ನೋಡುತ್ತ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಇಂದು ಹೇಳದೆ ವಿಧಿಯಿಲ್ಲ ಎನ್ನುವವನಂತೆ ಹೇಳುತ್ತಾನೆ. ಜೋನಾ ಹಿಲ್‌ನ ಮುಖದಲ್ಲಿ ಆಗ ಮೂಡುವ ಭಾವವನ್ನು ಗಮನಿಸಿ: ಮೊದಲು ಅರ್ಥವಾಗದ ಮುಗುಳ್ನಗೆ, ಮರುಗಳಿಗೆಯಲ್ಲಿ ಕೆಳತುಟಿಯ ಸಣ್ಣ ಅದುರು, ಆಮೇಲೆ ‘ನನಗೇನೂ ಆಗಿಲ್ಲ’ ಎಂಬ ಬಲವಂತದ ಗಟ್ಟಿ ದನಿ. ನಮ್ಮ ಮನೆಯಲ್ಲಿ ಕೂತಿದ್ದ ಹುಡುಗರು ಗೊಳ್ಳೆಂದು ನಕ್ಕರು. ಮಾಸ್ತರರು ನಗಲಿಲ್ಲ, ಇಬ್ಬರೂ ಚೆನ್ನಾಗಿ ಮಾಡಿದ್ದಾರೆ ಎಂದರು. ಎರಡೂ ಸರಿಯಾದ ಪ್ರತಿಕ್ರಿಯೆಗಳೇ. ಇದಕ್ಕೆ ಮೊದಲು ಮನಃಶಾಸ್ತ್ರದ ಪ್ರಾಧ್ಯಾಪಕನ ಕೊಠಡಿಯಲ್ಲಿ, ಆತ ಇವರಿಬ್ಬರನ್ನು ದಂಪತಿಯಂಥ ಜೋಡಿಯೆಂದು ತಿಳಿದು ಸಮಾಲೋಚನೆ ಆರಂಭಿಸುವ ಪ್ರಸಂಗವೂ ಇದೇ ಎಳೆಯದು. ವೇಷ ಉಳಿಸಿಕೊಳ್ಳಲು ಸುಳ್ಳು ಹೇಳಲು ಹೊರಟವರು, ಹೇಳುತ್ತ ಹೇಳುತ್ತ ನಿಜವಾದ ದೂರುಗಳನ್ನೇ ಹೊರಗೆ ಹಾಕಿಬಿಡುತ್ತಾರೆ.

ತನಿಖೆಯ ಕಥೆಗೂ ಇದೇ ಗಾಳಿ ತಗುಲಿದೆ. ಹೋದ ಸಲದ ಪಾಠವನ್ನೇ ಒಪ್ಪಿಸುತ್ತ ಹೋದ ಇವರು ತಮಗೆ ಸಿಕ್ಕ ಒಂದೇ ಫೋಟೊದಲ್ಲಿ ಗುಳಿಗೆ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬುದನ್ನು ತಪ್ಪಾಗಿ ಓದಿರುತ್ತಾರೆ. ಹಳೆಯ ಸೂತ್ರವನ್ನು ಕಣ್ಣುಮುಚ್ಚಿ ನಂಬಿದ್ದರಿಂದಲೇ ಕೇಸು ದಾರಿ ತಪ್ಪುತ್ತದೆ. ಪತ್ತೇದಾರಿ ಕಥೆಯಾಗಿ ಇದು ತೆಳು; ಖಳನ ಹಿಂದೆ ಹೋಗುವವರಿಗೆ ಹೆಚ್ಚೇನೂ ಸಿಗುವುದಿಲ್ಲ.

ವಯಸ್ಸಿನ ಗೇಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಚಿತ್ರ ಬಿಡುಗಡೆಯಾದಾಗ ಟೇಟಮ್‌ಗೆ 34 ವರ್ಷ, ಹಿಲ್‌ಗೆ 30. ಕಾಲೇಜು ವಿದ್ಯಾರ್ಥಿಗಳೆಂದು ಇವರನ್ನು ನಂಬುವುದು ಕಷ್ಟ ಎಂಬುದನ್ನು ಪ್ರೇಕ್ಷಕರು ಹೇಳುವ ಮೊದಲು ಚಿತ್ರವೇ ಹೇಳುತ್ತದೆ. ಹಾಸ್ಟೆಲಿನ ಹುಡುಗಿ ಮರ್ಸಿಡಿಸ್ ಶ್ಮಿಟ್‌ನನ್ನು ಕಂಡಾಗಲೆಲ್ಲ ಅಜ್ಜನನ್ನು ಮಾತಾಡಿಸುವಂತೆ ಮಾತಾಡಿಸುತ್ತಾಳೆ. ಯುದ್ಧದ ಕಥೆ ಹೇಳಿ ಎನ್ನುತ್ತಾಳೆ. ಯಾವ ಯುದ್ಧ ಎಂದು ಅವನು ಕೇಳಿದರೆ, ಯಾವುದಾದರೂ ಆದೀತು ಎನ್ನುತ್ತಾಳೆ. ಈ ಪಾತ್ರ ಮಾಡಿದ ಜಿಲಿಯನ್ ಬೆಲ್ ಕಣ್ಣನ್ನೂ ಮಿಟುಕಿಸದೆ ಒಂದೇ ಸಮನಾದ ದನಿಯಲ್ಲಿ ಇವನ್ನೆಲ್ಲ ಹೇಳುವ ರೀತಿ ಬಹಳ ಹಿಡಿಸಿತು. ಅವಳ ಮಾತುಗಳು ನಗಿಸುತ್ತಲೇ ಕಥೆಯೊಳಗಿನ ಒಂದು ಸತ್ಯಕ್ಕೆ ಪರದೆಯೂ ಆಗಿವೆ ಎಂಬುದು ಕೊನೆಗೆ ಗೊತ್ತಾಗುತ್ತದೆ.

ಇನ್ನು ಊಟದ ಸಾಲಿನ ದೃಶ್ಯ. ನನ್ನ ಪ್ರಕಾರ ಈ ಡಿಸ್ಕಿಗೆ ಕೊಟ್ಟ ಹಣ ಇದೊಂದರಿಂದಲೇ ಸಂದಾಯವಾಗುತ್ತದೆ. ಶ್ಮಿಟ್ ಕಾಲೇಜಿನಲ್ಲಿ ಮಾಯಾ ಎಂಬ ಹುಡುಗಿಯ ಸ್ನೇಹ ಮಾಡಿದ್ದಾನೆ, ಆ ಸಾಹಸವನ್ನು ಕ್ಯಾಪ್ಟನ್ ಡಿಕ್ಸನ್ ಎದುರು ಹೆಮ್ಮೆಯಿಂದ ಹೇಳಿಕೊಂಡೂ ಇದ್ದಾನೆ. ಪೋಷಕರು ಕಾಲೇಜಿಗೆ ಬರುವ ದಿನ ಮಾಯಾಳ ತಂದೆಯಾಗಿ ಎದುರಿಗೆ ಬಂದು ಕೂರುವವನು ಅದೇ ಡಿಕ್ಸನ್. ಪಾತ್ರಧಾರಿ ಐಸ್ ಕ್ಯೂಬ್ ಅಲ್ಲಿ ಬಹಳ ಹೊತ್ತು ಏನನ್ನೂ ಹೇಳುವುದಿಲ್ಲ. ಮೂಗಿನ ಹೊಳ್ಳೆ ಅರಳುತ್ತದೆ, ಹುಬ್ಬು ಕೆಳಗಿಳಿಯುತ್ತದೆ, ದೃಷ್ಟಿ ಶ್ಮಿಟ್‌ನ ಮುಖದಿಂದ ಕದಲುವುದಿಲ್ಲ. ಆಮೇಲೆ ಊಟದ ಮೇಜುಗಳ ಸಾಲಿಗೆ ಹೋಗಿ ಅಲ್ಲಿ ಒಪ್ಪವಾಗಿ ಜೋಡಿಸಿಟ್ಟ ತಿನಿಸುಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾನೆ. ಜೆಂಕೊಗೆ ವಿಷಯ ಗೊತ್ತಾಗುವ ಗಳಿಗೆಯನ್ನು ನಿರ್ದೇಶಕರು ಕಾದಿರಿಸಿ ಕೊಡುತ್ತಾರೆ. ಅರ್ಥವಾಗಲು ಅವನಿಗೆ ಒಂದಿಷ್ಟು ಹೊತ್ತು ಹಿಡಿಯುತ್ತದೆ, ಅರ್ಥವಾದ ಮೇಲೆ ಅವನು ಇಡೀ ಕಚೇರಿಯ ತುಂಬ ಓಡಾಡಿ ಎಲ್ಲರಿಗೂ ಸಾರುತ್ತಾನೆ. ಈ ಇಡೀ ಪ್ರಸಂಗದಲ್ಲಿ ಎರಡನೆಯ ಭಾಗದ ಬಗ್ಗೆ ಒಂದು ಮಾತೂ ಇಲ್ಲ. ತನ್ನನ್ನು ತಾನೇ ನೋಡಿಕೊಂಡು ನಗುವ ಚಿತ್ರ ಅತ್ಯಂತ ಚೆನ್ನಾಗಿ ನಗಿಸುವುದು ಕನ್ನಡಿ ಕೆಳಗಿಟ್ಟ ಈ ಹತ್ತು ನಿಮಿಷಗಳಲ್ಲಿ ಎಂಬುದನ್ನು ಗಮನಿಸಬೇಕು. ಬೈಯುವುದಷ್ಟೇ ಕೆಲಸವಾಗಿದ್ದ ಮೇಲಧಿಕಾರಿಯ ಸಿದ್ಧ ಪಾತ್ರಕ್ಕೆ, ಈ ಬಗೆಯ ಚಿತ್ರಗಳಲ್ಲಿ ಕಂಡು ಕಂಡು ಸವೆದ ಆ ಪಾತ್ರಕ್ಕೆ, ಇಲ್ಲಿ ಬೈಯಲು ತಂದೆಯೊಬ್ಬನ ನಿಜವಾದ ಕಾರಣ ಸಿಕ್ಕಿದೆ.

ಹಾಗೆಂದು ಎಲ್ಲ ಗೇಲಿಯೂ ಈ ಮಟ್ಟದ್ದಲ್ಲ. ಡಿಕ್ಸನ್‌ನ ಹೊಸ ಕಚೇರಿ ದೊಡ್ಡ ಮಂಜುಗಡ್ಡೆಯ ಘನದಂತಿದೆ ಎಂಬ ಮಾತು ನಟನ ಹೆಸರಿನ ಮೇಲಿನ ಶ್ಲೇಷೆ. ನಟನ ಹೆಸರು ತಿಳಿಯದವರಿಗೆ ಅಲ್ಲಿ ಏನೂ ಇಲ್ಲ, ತಿಳಿದವರಿಗೂ ಹೆಚ್ಚೇನಿಲ್ಲ. ಖರ್ಚಿನ ಬಗೆಗಿನ ಮಾತುಗಳೂ ಮೊದಮೊದಲು ಚೆನ್ನಾಗಿದ್ದು ಆಮೇಲೆ ಬೇಸರ ತರಿಸುತ್ತವೆ. ಆದರೂ ಆ ಎಳೆಯಿಂದ ಹುಟ್ಟಿದ ಒಂದು ದೃಶ್ಯ ಸೊಗಸಾಗಿದೆ. ಕಾಲೇಜಿನ ಆವರಣದಲ್ಲಿ ಇಬ್ಬರೂ ಫುಟ್‌ಬಾಲ್ ಹೆಲ್ಮೆಟ್ಟಿನ ಆಕಾರದ ಪುಟ್ಟ ಗಾಡಿಯಲ್ಲಿ ತಪ್ಪಿಸಿಕೊಂಡು ಓಡುವಾಗ, ಇಲಾಖೆಯ ಹಣ ಮುಗಿಯುತ್ತ ಬಂದಿರುವುದರಿಂದ ಬೆಲೆಬಾಳುವುದೇನೂ ಒಡೆಯದಂತೆ ಓಡಬೇಕಾದ ಪರಿಸ್ಥಿತಿ. ಅವರು ಹಾದುಹೋಗುವ ಕಟ್ಟಡವೊಂದರ ಮೇಲೆ ಬೆಂಜಮಿನ್ ಹಿಲ್ ಚಲನಚಿತ್ರ ಅಧ್ಯಯನ ಕೇಂದ್ರ ಎಂಬ ಫಲಕವಿದೆ. ವೇಗವಾಗಿ ಓಡಿಸಿದ ಚಿತ್ರಿಕೆಗಳಲ್ಲಿ ಸುತ್ತಿ ಸುತ್ತಿ ಓಡುವುದಕ್ಕೆ ಪ್ರಸಿದ್ಧನಾದ ಇಂಗ್ಲಿಷ್ ಹಾಸ್ಯನಟ ಬೆನ್ನಿ ಹಿಲ್‌ಗೆ ಅದು ಸಲ್ಲಿಸಿದ ನಮನ. ನನಗೆ ಅದು ಕಂಡದ್ದು ಎರಡನೆಯ ವೀಕ್ಷಣೆಯಲ್ಲಿ. ಡಿಸ್ಕ್ ಕೊಂಡು ಇಟ್ಟುಕೊಳ್ಳುವುದರ ಪ್ರಯೋಜನ ಇಂಥಲ್ಲಿ ತಿಳಿಯುತ್ತದೆ.

ಕನ್ನಡದ ಪ್ರೇಕ್ಷಕರಿಗೆ ಕೆಲವು ನಗೆಮಾತುಗಳು ದಕ್ಕುವುದು ಕಷ್ಟ. ಮನಸ್ಸಿಗೆ ಬಂದಂತೆ ಖರ್ಚು ಮಾಡುವ ಪೂರ್ಣ ಸ್ವಾತಂತ್ರ್ಯಕ್ಕೆ ಇಂಗ್ಲಿಷಿನವರು ಬಳಸುವ ಫ್ರೆಂಚ್ ಮಾತು ಕಾರ್ಟ್ ಬ್ಲಾಂಶ್. ಜೆಂಕೊ ಅದನ್ನು ನಟಿ ಕೇಟ್ ಬ್ಲಾಂಚೆಟ್‌ಳ ಹೆಸರೆಂದು ತಿಳಿದು, ನಮಗೆ ಕೇಟ್ ಬ್ಲಾಂಚೆಟ್ ಇದ್ದಾಳೆ ಎಂದುಕೊಂಡಿದ್ದೆ ಎನ್ನುತ್ತಾನೆ. ಇದನ್ನು ವಿವರಿಸಲು ನಾನು ತಿಣುಕುತ್ತಿದ್ದಾಗ ಮಾಸ್ತರರು, ತಮ್ಮ ಪಾತ್ರವೊಂದು ಸಬ್ ಇನ್‌ಸ್ಪೆಕ್ಟರರನ್ನು ‘ಸಬ್ಬಕ್ಕಿ ಸ್ಪೆಟ್ರೇ’ ಎಂದು ಕರೆಯುತ್ತಿದ್ದುದನ್ನು ನೆನಪಿಸಿಕೊಂಡರು. ಅಲ್ಲಿಗೆ ವಿವರಣೆ ಮುಗಿಯಿತು.

ತನ್ನ ಬಗ್ಗೆ ತಾನೇ ಅರಿವುಳ್ಳ ಹಾಸ್ಯ ಈ ಬಗೆಯ ಚಿತ್ರಗಳಿಗೆ ಹೊಸದಲ್ಲ. 1987ರಿಂದ 1998ರವರೆಗೆ ನಾಲ್ಕು ಭಾಗಗಳಲ್ಲಿ ಬಂದ ‘ಲೀಥಲ್ ವೆಪನ್’ನಲ್ಲಿ ಹಿರಿಯ ಪೊಲೀಸನಿಗೆ ಇಂಥದ್ದಕ್ಕೆಲ್ಲ ನನಗೆ ವಯಸ್ಸು ಮೀರಿತು ಎನ್ನುವ ಮಾತು ಅಂಟಿಕೊಂಡಿತ್ತು, ನಾಲ್ಕನೆಯ ಭಾಗಕ್ಕೆ ಬರುವಷ್ಟರಲ್ಲಿ ಇಬ್ಬರೂ ಸೇರಿ, ವಯಸ್ಸು ಮೀರಿಲ್ಲ ಎಂದು ಮಂತ್ರದಂತೆ ಜಪಿಸುತ್ತಾರೆ. ನಟರು ನಿಜವಾಗಿಯೂ ಹನ್ನೊಂದು ವರ್ಷ ಹಿರಿಯರಾದದ್ದು ಆ ಹಾಸ್ಯಕ್ಕೆ ಬಲ ಕೊಟ್ಟಿತ್ತು. 2001ರ ‘ರಷ್ ಅವರ್ 2’ನ ಕೊನೆಯಲ್ಲಿ ತೋರಿಸುವ ತಪ್ಪಿದ ಚಿತ್ರಿಕೆಗಳಲ್ಲಿ, ಎತ್ತರದಿಂದ ಬಿದ್ದ ಖಳನನ್ನು ನೋಡಿ ಕ್ರಿಸ್ ಟಕರ್, ಇವನು ಮೂರನೆಯ ಭಾಗದಲ್ಲಿ ಇರುವುದಿಲ್ಲ ಎನ್ನುತ್ತಾನೆ. ಅಲ್ಲಿ ಅದು ಕಥೆ ಮುಗಿದ ಮೇಲಿನ ಮಾತು. ನಮ್ಮಲ್ಲಿಯೂ 1968ರಲ್ಲಿ ಶುರುವಾದ ರಾಜ್‌ಕುಮಾರ್ ಅವರ ಸಿಐಡಿ 999ರ ಚಿತ್ರಗಳು ನಾಲ್ಕರವರೆಗೆ ಬಂದು, ಕೊನೆಯದು 1978ರಲ್ಲಿ ತೆರೆಕಂಡಿತು. ಅಲ್ಲಿ ಜೋಡಿಯಿಲ್ಲ, ಒಬ್ಬನೇ ನಾಯಕ, ಆದ್ದರಿಂದ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ. ‘22 ಜಂಪ್ ಸ್ಟ್ರೀಟ್’ ಮಾಡಿದ ಬದಲಾವಣೆ ಏನೆಂದರೆ ಕಥೆ ಮುಗಿದ ಮೇಲೆ ಆಡುತ್ತಿದ್ದ ಮಾತನ್ನು ಕಥೆಯ ಆರಂಭಕ್ಕೇ ತಂದು, ಅದನ್ನೇ ಪಾತ್ರಗಳ ಜಗಳದ ಕಾರಣವಾಗಿ ಮಾಡಿದ್ದು.

ಕೊನೆಯ ಮೂರನೆಯ ಒಂದು ಭಾಗ ನನಗೆ ಒಪ್ಪಿಗೆಯಾಗಲಿಲ್ಲ. ಕಥೆ ಕಾಲೇಜು ಬಿಟ್ಟು ರಜೆಯ ಕಡಲತೀರಕ್ಕೆ ಹೋದಮೇಲೆ ಗುಂಡಿನ ಸದ್ದು, ಹೆಲಿಕಾಪ್ಟರು, ಓಟ ಎಲ್ಲವೂ ಅದೇ ಹಳೆಯ ದಾರಿ ಹಿಡಿಯುತ್ತವೆ. ಇದೆಲ್ಲ ಹೀಗೆಯೇ ಇರುತ್ತದೆಂದು ಮೊದಲೇ ಹೇಳಿದ್ದೆವಲ್ಲ ಎಂದು ಚಿತ್ರ ಸಮಜಾಯಿಷಿ ಕೊಡಬಹುದು. ತಪ್ಪನ್ನು ಮೊದಲೇ ಒಪ್ಪಿಕೊಂಡ ಮಾತ್ರಕ್ಕೆ ಅದು ತಪ್ಪಲ್ಲವೆಂದಾಗುವುದಿಲ್ಲ. ಸಾರು ಸಪ್ಪೆಯಾಗಿದೆ ಎಂದು ಹೇಳಿ ಬಡಿಸಿದರೂ ಉಣ್ಣುವವನ ನಾಲಿಗೆಗೆ ಸಪ್ಪೆಯೇ. ಶ್ಮಿಟ್ ಮತ್ತು ಮರ್ಸಿಡಿಸ್ ಹೊಡೆದಾಡುವ ದೃಶ್ಯವನ್ನು ಅಗತ್ಯಕ್ಕಿಂತ ಉದ್ದ ಎಳೆದಿದ್ದಾರೆ. ಬೈಗುಳ, ಲೈಂಗಿಕ ಮಾತು, ಮಾದಕ ವಸ್ತುವಿನ ತಮಾಷೆ ಚಿತ್ರದುದ್ದಕ್ಕೂ ಇರುವುದರಿಂದ ಮಕ್ಕಳೊಂದಿಗೆ ನೋಡುವಂಥದ್ದಲ್ಲ. ಅಮೆರಿಕದಲ್ಲಿಯೂ ಇದಕ್ಕೆ ಸಿಕ್ಕಿರುವುದು ಹದಿನೇಳರೊಳಗಿನವರು ಹಿರಿಯರಿಲ್ಲದೆ ನೋಡಬಾರದೆಂಬ ಪ್ರಮಾಣಪತ್ರ. ಮಾಸ್ತರರ ಎದುರು ಕೆಲವು ಮಾತುಗಳನ್ನು ನಾನು ಅನುವಾದಿಸದೆ ಮುಂದಕ್ಕೆ ಹೋದೆ.

ಡಿಸ್ಕಿನ ಹೆಚ್ಚುವರಿ ಭಾಗಗಳು ಈ ವಿಷಯದಲ್ಲಿ ಆಸಕ್ತಿ ಇರುವವರಿಗೆ ತುಂಬ ಉಪಯುಕ್ತವಾಗಿವೆ. ಇಬ್ಬರು ನಿರ್ದೇಶಕರೂ ಇಬ್ಬರು ನಾಯಕರೂ ಕೂತು ಚಿತ್ರದ ಮೇಲೆ ಮಾತಾಡುತ್ತ ಹೋಗುವ ಧ್ವನಿಪಥವಿದೆ, ಕತ್ತರಿಸಿದ ದೃಶ್ಯಗಳ ದೊಡ್ಡ ಗಂಟಿದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಚಿತ್ರದಿಂದ ಹಾಸ್ಯವನ್ನೆಲ್ಲ ತೆಗೆದುಹಾಕಿ ಗಂಭೀರ ನಾಟಕದಂತೆ ಜೋಡಿಸಿದ ಒಂದು ಕಿರು ಆವೃತ್ತಿ. ಅದನ್ನು ನೋಡಿದಾಗ ಇಬ್ಬರು ಗೆಳೆಯರು ದೂರವಾಗಿ ಮತ್ತೆ ಹತ್ತಿರವಾಗುವ ಕಥೆ ತನ್ನ ಕಾಲಮೇಲೆ ತಾನೇ ನಿಲ್ಲುತ್ತದೆ. ಎರಡನೆಯ ಭಾಗದ ಬಗೆಗಿನ ಗೇಲಿ ಈ ಚಿತ್ರಕ್ಕೆ ಗೋಡೆಯ ಸುಣ್ಣವೋ ಅಡಿಪಾಯವೋ ಎಂಬ ನನ್ನ ಅನುಮಾನ ಅಲ್ಲಿ ಬಗೆಹರಿಯಿತು: ಅಡಿಪಾಯ ಸ್ನೇಹದ್ದು.

ಹಾರ್ಡಿ ಆಡಿದ ಖರ್ಚು ಲಾಭದ ಮಾತು ನಿಜದಲ್ಲಿ ಏನಾಯಿತು ಎಂಬುದನ್ನೂ ಹೇಳುತ್ತೇನೆ. ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 20 ಕೋಟಿ ಡಾಲರ್ ಗಳಿಸಿತ್ತು, ಎರಡನೆಯದು ಸುಮಾರು 33 ಕೋಟಿ ಡಾಲರ್ ಗಳಿಸಿತು. ಇಮ್ಮಡಿಯಾಗಲಿಲ್ಲ, ಆದರೆ ಮೂರನೆಯದನ್ನು ತೆಗೆಯಲು ಯಾವ ನಿರ್ಮಾಪಕನಿಗೂ ಧೈರ್ಯ ತುಂಬುವಷ್ಟಾಗಿತ್ತು. ಆದರೂ ಮೂರನೆಯದು ಇಂದಿಗೂ ಬಂದಿಲ್ಲ. ‘ಮೆನ್ ಇನ್ ಬ್ಲ್ಯಾಕ್’ ಸರಣಿಯ ಜೊತೆ ಬೆಸೆದು ಒಂದು ಚಿತ್ರ ಮಾಡುವ ಯೋಜನೆ ಸುದ್ದಿಯಾಗಿ, ಕೈಗೂಡದೆ ಹೋಯಿತು.

ಇದಕ್ಕೆ ಒಂದು ಕಾರಣ ಚಿತ್ರದ ಕೊನೆಯ ಹೆಸರುಪಟ್ಟಿಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಕಥೆ ಮುಗಿದೊಡನೆ ಡಿಕ್ಸನ್ ಇಬ್ಬರನ್ನೂ ವೈದ್ಯಕೀಯ ಕಾಲೇಜಿಗೆ ಕಳಿಸುವ ಮಾತೆತ್ತುತ್ತಾನೆ, ಮತ್ತು ಅಲ್ಲಿಂದ 23ನೇ ಭಾಗದ ಪೋಸ್ಟರು, 24ನೆಯದು, 25ನೆಯದು ಎಂದು ಒಂದರ ಹಿಂದೊಂದು ಬರತೊಡಗುತ್ತವೆ. ಅಡುಗೆ ಶಾಲೆ, ವಿಮಾನ ಚಾಲನೆಯ ಶಾಲೆ, ಚಿತ್ರಕಲಾ ಶಾಲೆ, ಕೊನೆಗೆ ಬಾಹ್ಯಾಕಾಶ. ನಡುವೆ ಒಂದರಲ್ಲಿ ಜೋನಾ ಹಿಲ್‌ನ ಜಾಗಕ್ಕೆ ನಟ ಸೇಥ್ ರೋಗನ್ ಬಂದು, ಮುಂದಿನದರಲ್ಲಿ ಹಿಲ್ ಹಿಂದಿರುಗುತ್ತಾನೆ. ವಿಡಿಯೊ ಗೇಮು, ಕಾರ್ಟೂನ್ ಧಾರಾವಾಹಿ, ಮಕ್ಕಳ ಆಟಿಕೆಗಳೂ ಬರುತ್ತವೆ. ಮುಂದೆ ಯಾರಾದರೂ ಯೋಚಿಸಬಹುದಾಗಿದ್ದ ಅಷ್ಟೂ ಭಾಗಗಳನ್ನು ಕೆಲವೇ ನಿಮಿಷಗಳಲ್ಲಿ ಇವರೇ ತೆಗೆದು ಮುಗಿಸಿದ್ದಾರೆ. ಹುಡುಗರು ಅದನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ, ಒಂದೊಂದೇ ಪೋಸ್ಟರನ್ನು ನಿಲ್ಲಿಸಿ ಓದಿದರು. ‘ಮಾಮ, ಇವನ್ನೆಲ್ಲ ತೆಗೆದಿದ್ರೂ ನಾನು ನೋಡ್ತಿದ್ದೆ’ ಎಂದ ಅಕ್ಕನ ಮಗ.

ಮಾಸ್ತರರು ಪೋಸ್ಟರುಗಳು ಮುಗಿಯುವವರೆಗೆ ಮುಂದಕ್ಕೆ ಬಾಗಿ ಕೂತಿದ್ದು, ಇವುಗಳಲ್ಲಿ ನಿಜವಾಗಿ ತೆಗೆದದ್ದು ಯಾವುದು ಎಂದು ಕೇಳಿದರು. ಒಂದೂ ಇಲ್ಲ ಎಂದೆ. ‘ಒಂದೂ ಇಲ್ಲೇನು?’ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡು, ಆ ಊಟದ ಸಾಲಿನ ಸೀನನ್ನು ಇನ್ನೊಂದು ಸಲ ಹಾಕಲು ಹೇಳಿದರು.